ಆಟದ ಕತ್ತಿ, ಊರಿನ ಉಕ್ಕು

ಈ ಸಲದ ಆಯುಧಪೂಜೆಯ ದಿನ ಬೆಳಿಗ್ಗೆ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ಹುಟ್ಟಿತು. ದೇವರ ಮುಂದೆ ಪದ್ಧತಿಯಂತೆ ಈಳಿಗೆಮಣೆ, ಕತ್ತರಿ, ಸುತ್ತಿಗೆ, ಸ್ಕೂಟರಿನ ಬೀಗದ ಕೈ, ನಾವು ಹತ್ತು ವರ್ಷದಿಂದ ಕಛೇರಿಯ ಕಡತಗಳ ಮೇಲೆ ಓಡಿಸುತ್ತಿರುವ ಪೆನ್ನು, ಇಷ್ಟನ್ನೂ ಸಾಲಾಗಿ ಇರಿಸಿ ಕುಂಕುಮ ಹಚ್ಚುತ್ತಿದ್ದೆವು. ಏಳನೆಯ ತರಗತಿಯಲ್ಲಿ ಓದುವ ನಮ್ಮ ಮಗರಾಯ ತನ್ನ ಕಂಪ್ಯೂಟರಿನ ಮೌಸನ್ನು ತಂದು ಅವುಗಳ ನಡುವೆ ಇಟ್ಟ.

"ಇದೇತಕ್ಕೋ?" ಎಂದೆವು.

"ಅಪ್ಪ, ನೀನು ಇಟ್ಟಿರುವುದರಲ್ಲಿ ಒಂದಾದರೂ ನಿಜವಾದ ಆಯುಧ ಇದೆಯೆ? ನನ್ನ ಗೇಮಿನಲ್ಲಿ ನೂರಾರು ಕತ್ತಿ ಇವೆ. ಅವಕ್ಕೆ ಪೂಜೆ ಬೇಡವೆ?" ಎಂದ.

ನಮಗೆ ಕೋಪ ಬಂತು. ಆದರೆ ತೀರ್ಪು ಅಡಿಗೆಮನೆಯಿಂದ ಬಂತು. "ಈಳಿಗೆಮಣೆ ಆಯುಧವಲ್ಲ ಎಂದವರಿಗೆ ಈ ಹೊತ್ತು ಒಬ್ಬಟ್ಟಿಲ್ಲ. ಮೌಸು ಅಲ್ಲೇ ಇರಲಿ, ಅದರ ಮೇಲೂ ಒಂದು ಹೂ ಹಾಕಿ" ಎಂದಳು ನಮ್ಮ ಮನೆಯಾಕೆ. ಹಾಗೆಯೇ ಆಯಿತು. ಊಟವಾದ ಮೇಲೆ, ಪೂಜೆಗೆ ಕೂರುವಂಥ ಕತ್ತಿಗಳು ಅದರಲ್ಲಿ ಏನಿವೆ ನೋಡೋಣವೆಂದು ನಾವೂ ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆವು.

ಇದನ್ನು ಇಲ್ಲಿ ಬರೆಯಲು ಕಾರಣವುಂಟು. ನಮ್ಮ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಂದ ಒಂದು ವೀರನ ನಾಟಕ ಆಡಿಸುವುದೆಂದೂ, ರಟ್ಟಿನ ಕತ್ತಿಗಳನ್ನು ನಮ್ಮ ಮಗನೇ ಮಾಡಿಕೊಡಬೇಕೆಂದೂ ತೀರ್ಮಾನವಾಗಿತ್ತು. ಹುಡುಗನ ಕೈ ಚುರುಕು, ನಾಲಗೆ ಮಾತ್ರ ಕನ್ನಡಕ್ಕೆ ಹೊರಳಲೊಲ್ಲದು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಗೆಳೆಯರೊಂದಿಗೆ ಹಿಂದಿ, ಭಾನುವಾರದ ಕನ್ನಡ ತರಗತಿಗೆ ಎಳೆದುಕೊಂಡು ಹೋದರೆ "ಇದರಿಂದ ಏನು ಪ್ರಯೋಜನ?" ಎಂಬ ಪ್ರಶ್ನೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ವಾಚಕರಿಗೆ ಈ ಪ್ರಶ್ನೆ ಹೊಸದಲ್ಲ. ಅಂಥ ಹುಡುಗ ಅಂದು ಆಟ ನಿಲ್ಲಿಸಿ, "ಅಪ್ಪ, ನಮ್ಮವರ ಕತ್ತಿ ನಿಜವಾಗಿ ಹೇಗಿತ್ತು?" ಎಂದು ಕೇಳಿದಾಗ, ಇತಿಹಾಸವನ್ನೇ ಓದಿ ಬಿ.ಎ. ಮಾಡಿದ ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ. ಯುದ್ಧಗಳ ಇಸವಿ ನೆನಪಿತ್ತು, ಹೋರಾಡಿದವನ ಕೈಯಲ್ಲಿ ಏನಿತ್ತೆಂಬುದನ್ನು ನಾವು ಒಮ್ಮೆಯೂ ಯೋಚಿಸಿರಲಿಲ್ಲ.

ಮೊದಲು ಆಟಗಳ ತಪ್ಪುಗಳನ್ನೇ ನೋಡೋಣ. ಅವು ಕಣ್ಣಿಗೆ ರಾಚುವಂಥವು. 1997ರಲ್ಲಿ ಬಂದ 'ಫೈನಲ್ ಫ್ಯಾಂಟಸಿ' ಸರಣಿಯ ಏಳನೆಯ ಆಟದ ನಾಯಕ ಹೆಚ್ಚುಕಡಿಮೆ ಆಳೆತ್ತರದ, ಬಾಗಿಲ ಹಲಗೆಯಂತೆ ಅಗಲವಾದ ಕತ್ತಿಯನ್ನು ಬೀಸುತ್ತಾನೆ. ಅದು ಕಲ್ಪನೆಯ ಲೋಕ, ತಕರಾರಿಲ್ಲ. ಆದರೆ ಅಂಥವನ್ನು ನೋಡಿ ನೋಡಿ ಮಕ್ಕಳು ಹಳೆಯ ಕಾಲದ ಕತ್ತಿಗಳೆಲ್ಲ ಹತ್ತಿಪ್ಪತ್ತು ಕಿಲೋ ತೂಗುತ್ತಿದ್ದುವೆಂದು ನಂಬಿಬಿಡುತ್ತಾರೆ. ನಿಜವೆಂದರೆ, ಮಧ್ಯಯುಗದ ಯೂರೋಪಿನಲ್ಲಿ ಒಂದು ಕೈಯಲ್ಲಿ ಹಿಡಿಯುತ್ತಿದ್ದ ಕತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಯುದ್ಧಗತ್ತಿಯೂ ಎರಡು ಮೂರು ಕಿಲೋ. ನಮ್ಮ ಕಡೆಯ ತಲವಾರೂ ಸುಮಾರು ಒಂದು ಕಿಲೋ ತೂಕದ್ದೇ.

"ಅಷ್ಟೇನಾ?" ಎಂದು ಹುಡುಗ ಮೂಗು ಮುರಿದ. ಒಂದು ಕಿಲೋ ಸಕ್ಕರೆಯ ಪೊಟ್ಟಣವನ್ನು ಅವನ ಕೈಗೆ ಕೊಟ್ಟು, ತೋಳನ್ನು ಮುಂದಕ್ಕೆ ಚಾಚಿ ನಿಲ್ಲು ಎಂದೆವು. ಸ್ವಲ್ಪ ಹೊತ್ತಿನಲ್ಲೇ ಕೈ ನಡುಗತೊಡಗಿತು. ದಿನವೆಲ್ಲ ಬಿಸಿಲಲ್ಲಿ ಬೀಸಬೇಕಾದ ಆಯುಧ ಏಕೆ ಹಗುರವಾಗಿರಬೇಕೆಂಬುದು ಅವನಿಗೆ ತೋಳಿನಿಂದಲೇ ತಿಳಿಯಿತು.

ಎರಡನೆಯದು ಸದ್ದು. ಆಟದಲ್ಲಿ ಒರೆಯಿಂದ ಕತ್ತಿ ಹಿರಿದಾಗಲೆಲ್ಲ 'ಝಣ್' ಎಂದು ಕಂಚಿನ ತಟ್ಟೆ ಬಾರಿಸಿದಂತೆ ಕೇಳುತ್ತದೆ. ನಮ್ಮ ಕಡೆಯ ಕತ್ತಿಗಳ ಒರೆ ಸಾಮಾನ್ಯವಾಗಿ ಮರದ್ದು, ಮೇಲೆ ತೊಗಲು ಇಲ್ಲವೆ ಮಖಮಲ್ಲಿನ ಹೊದಿಕೆ. ಅದರಿಂದ ಅಲಗು ಹೊರಬರುವಾಗ ಅಂಥ ನಾದವೆಲ್ಲಿಂದ ಬರಬೇಕು?

ಮೂರನೆಯದು ಕತ್ತಿ ಕಟ್ಟುವ ಜಾಗ. 2015ರ 'ವಿಚರ್' ಆಟದ ನಾಯಕ ಎರಡೆರಡು ಉದ್ದದ ಕತ್ತಿಗಳನ್ನು ಬೆನ್ನಿಗೆ ಬಿಗಿದುಕೊಂಡು ತಿರುಗುತ್ತಾನೆ. ತೋಳಿಗಿಂತ ಉದ್ದವಾದ ಅಲಗನ್ನು ಹೆಗಲ ಮೇಲಿನಿಂದ ಪೂರ್ತಿ ಹಿರಿಯುವುದು ಆಗದ ಮಾತು. ಬಟ್ಟೆ ಒಣಗಿಸುವ ಕೋಲೊಂದನ್ನು ಬೆನ್ನಿಗೆ ಚೀಲ ಕಟ್ಟಿ ಇಳಿಬಿಟ್ಟು ಯಾರು ಬೇಕಾದರೂ ಪರೀಕ್ಷಿಸಬಹುದು. ನಾವು ಗೆದ್ದವರ ಧಾಟಿಯಲ್ಲಿ, "ಕತ್ತಿಯನ್ನು ಹಿಂದುಗಡೆ ಕಟ್ಟಿದವರು ಲೋಕದಲ್ಲಿ ಯಾರೂ ಇಲ್ಲ" ಎಂದು ತೀರ್ಪು ಕೊಟ್ಟೆವು.

ಈ ತೀರ್ಪು ಮುಂದಿನ ಭಾನುವಾರದವರೆಗೆ ಮಾತ್ರ ಉಳಿಯಿತು. ಸಂಘದ ಸಭೆಗೆ ಬಂದಿದ್ದ ಕೊಡಗಿನ ಹಿರಿಯರೊಬ್ಬರು, ಸೈನ್ಯದಿಂದ ನಿವೃತ್ತರಾಗಿ ಸೈನಿಕಪುರಿಯಲ್ಲಿ ನೆಲೆಸಿದವರು, ನಮ್ಮ ಮಗನಿಂದ ಈ ವಾದವನ್ನೆಲ್ಲ ಕೇಳಿ ನಕ್ಕುಬಿಟ್ಟರು. "ನಿನ್ನ ಅಪ್ಪ ಕೊಡಗಿಗೆ ಬಂದಿಲ್ಲವೇನಪ್ಪ? ನಮ್ಮ ಒಡಿಕತ್ತಿಯನ್ನು ಕಟ್ಟುವುದೇ ಬೆನ್ನ ಹಿಂದೆ" ಎಂದರು. ಸೊಂಟಕ್ಕೆ ಬಿಗಿದ ಪಟ್ಟಿಯ ಹಿಂಬದಿಯಲ್ಲಿ ತೊಡಂಗ್ ಎಂಬ ಹಿತ್ತಾಳೆಯ ಹಿಡಿಕೆಯಿರುತ್ತದೆ, ಅಗಲವಾದ, ಮುಂದಕ್ಕೆ ಬಾಗಿದ ಒಡಿಕತ್ತಿ ಒರೆಯಿಲ್ಲದೆಯೇ ಅದರಲ್ಲಿ ನಿಲ್ಲುತ್ತದೆ, ಗಿಡ್ಡ ಅಲಗಾದ್ದರಿಂದ ಕೈ ಹಿಂದೆ ಚಾಚಿದರೆ ಸಲೀಸಾಗಿ ಬರುತ್ತದೆ ಎಂದು ವಿವರಿಸಿದರು. ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ಒಂದೇ ಏಟಿಗೆ ಕಡಿಯುವುದು ಇದರಿಂದಲೇ. ಮುಂಭಾಗದಲ್ಲಿ ಚೇಲೆಗೆ ಸಿಕ್ಕಿಸುವ ಚಿಕ್ಕದು ಪೀಚೆಕತ್ತಿ. ಕೈಲ್ ಪೊಳ್ದ್ ಹಬ್ಬದಂದು ಇವಕ್ಕೆಲ್ಲ ಪೂಜೆ.

ಮಗ ನಮ್ಮ ಕಡೆಗೆ ತಿರುಗಿ, "ಅಪ್ಪ, ಯಾರೂ ಇಲ್ಲ ಎಂದೆಯಲ್ಲ?" ಎಂದ. ಸಭೆಯಲ್ಲಿ ಎಲ್ಲರೂ ನಕ್ಕರು. ನಾವೂ ನಕ್ಕೆವು, ಆದರೆ ಮನಸ್ಸಿನಲ್ಲಿ ಒಂದು ಮಾತು ನಾಟಿತು. ಆಟ ಮಾಡಿದವರು ನೋಡದೆ ಬರೆದರೆಂದು ದೂರುವ ನಾವೂ ನೋಡದೆಯೇ ಹೇಳಿದ್ದೆವು. ಇನ್ನು ಮೇಲೆ ಏನು ಹೇಳಿದರೂ ನೋಡಿಯೇ ಹೇಳುವುದೆಂದು ಅಪ್ಪ ಮಗ ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಮಗನಿಗೆ ಪ್ರಿಯವಾದ ಆಟ 'ಏಜ್ ಆಫ್ ಎಂಪೈರ್ಸ್' ಎಂಬುದರ ಎರಡನೆಯ ಭಾಗ. ಇದು 1999ರಲ್ಲಿ ಬಂದ ಹಳೆಯ ಆಟ, ಹೊಸ ಉಡುಪಿನಲ್ಲಿ ಇಂದಿಗೂ ಆಡುತ್ತಾರೆ. 2022ರ ಏಪ್ರಿಲ್ 28ರಂದು ಇದಕ್ಕೆ ಭಾರತದ ರಾಜವಂಶಗಳ ಒಂದು ಹೊಸ ಕಂತು ಸೇರಿತು. ಅದುವರೆಗೆ 'ಭಾರತೀಯರು' ಎಂಬ ಒಂದೇ ಹೆಸರಿನಲ್ಲಿ ಮುಗಿಸಿದ್ದನ್ನು ಬಿಡಿಸಿ ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿದರು. ದ್ರಾವಿಡರೆಂದರೆ ನಾವೂ ಸೇರಿದೆವು. ಆದರೆ ಅಲ್ಲಿ ನಾಯಕ ರಾಜೇಂದ್ರ ಚೋಳ, ಸೈನಿಕರು ಆಡುವ ಮಾತು ತಮಿಳು. ನೆರೆಯವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರ ಕೈಗೆ ಕೊಟ್ಟಿರುವ ಕತ್ತಿಯನ್ನಷ್ಟೇ ನೋಡೋಣ.

ದ್ರಾವಿಡರ ವಿಶೇಷ ಕಾಲಾಳು ಹಿಡಿಯುವುದು ಉರುಮಿ, ಎಂದರೆ ಚಾವಟಿಯಂತೆ ಬಳುಕುವ ಕತ್ತಿ. ಉರುಮಿ ಸುಳ್ಳಲ್ಲ, ಕೇರಳದ ಕಳರಿಗಳಲ್ಲಿ ಇಂದಿಗೂ ಅದನ್ನು ಕಲಿಸುತ್ತಾರೆ. ಎಲ್ಲವನ್ನೂ ಕಲಿತ ಮೇಲೆ ಕಟ್ಟಕಡೆಗೆ ಕಲಿಯುವ ವಿದ್ಯೆ ಅದು, ಏಕೆಂದರೆ ತಪ್ಪಿದರೆ ಪೆಟ್ಟು ಬೀಳುವುದು ಬೀಸಿದವನಿಗೇ. ಅದನ್ನು ತಿರುಗಿಸಲು ಸುತ್ತಲೂ ಬಯಲು ಬೇಕು. ಆಟದಲ್ಲಾದರೋ ನಲವತ್ತು ಉರುಮಿಯವರು ಹೆಗಲಿಗೆ ಹೆಗಲು ತಾಗಿಸಿ ಓಡುತ್ತಾರೆ! ನಿಜದಲ್ಲಿ ಹಾಗೆ ನಿಂತರೆ ಶತ್ರು ಬರುವ ಮೊದಲೇ ಸೈನ್ಯ ಮುಗಿಯುತ್ತದೆ. ಒಬ್ಬ ನುರಿತವನ ಆಯುಧವನ್ನು ಇಡೀ ದಂಡಿಗೆ ಹಂಚಿದ್ದೇ ಇಲ್ಲಿಯ ತಪ್ಪು.

ಹಾಗಾದರೆ ನಮ್ಮ ದಂಡಿನವನ ಕೈಯಲ್ಲಿ ಏನಿತ್ತು? ಇದಕ್ಕೆ ಸಾಕ್ಷಿ ಕಲ್ಲಿನಲ್ಲೇ ಇದೆ. ಹುಡುಗನ ಸೋದರಮಾವ ಇರುವುದು ಶಿರಾಳಕೊಪ್ಪದಲ್ಲಿ. ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಆವರಣದಲ್ಲಿ ವೀರಗಲ್ಲುಗಳ ಸಾಲೇ ಉಂಟು. ಪತ್ರ ಬರೆಯುವ ಕಾಲ ಹೋಯಿತಲ್ಲ. ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಮಾವ ಮರುದಿನವೇ ಚಿತ್ರಗಳನ್ನು ಕಳುಹಿಸಿದರು. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು, ತುದಿಯಲ್ಲಿ ಸೂರ್ಯ ಚಂದ್ರರು.

ಕೆಳಗಿನ ಅಂಕಣವನ್ನು ದೊಡ್ಡದು ಮಾಡಿ ಇಬ್ಬರೂ ನೋಡಿದೆವು. ಕತ್ತಿ ನೇರ, ಅಗಲ, ಉದ್ದ ಅಷ್ಟೇನೂ ಇಲ್ಲ. ಸಿನಿಮಾದಲ್ಲಿ ಕಾಣುವ ಬಾಗಿದ ತಲವಾರು ಆ ಕಾಲದ ಕಲ್ಲಿನಲ್ಲಿ ಇಲ್ಲ. ಅದು ತುರ್ಕಿ, ಪಾರಸಿ ಕಡೆಯ ಸಂಪರ್ಕದಿಂದ ಮುಂದೆ ಬಳಕೆಗೆ ಬಂದದ್ದು. ಎಡಗೈಯಲ್ಲಿ ಗುರಾಣಿ. ಮೈತುಂಬ ಕಬ್ಬಿಣದ ಕವಚವಿಲ್ಲ. ಸುತ್ತ ಬಿಲ್ಲಾಳುಗಳು, ಈಟಿಯವರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಗಂಗರ ಕಾಲದ ನಾಗತ್ತರನ ಕಾಳಗವನ್ನು ಕೆತ್ತಿದ ಬೇಗೂರಿನ ಕಲ್ಲಿನಲ್ಲಂತೂ ಆನೆ, ಕುದುರೆ, ಕಾಲಾಳು ಎಲ್ಲವೂ ಒಂದೇ ಚಪ್ಪಡಿಯ ಮೇಲೆ ನುಗ್ಗಿಬರುತ್ತವೆ.

"ಇವನು ಯಾವ ರಾಜ?" ಎಂದು ಮಗ ಬಳ್ಳಿಗಾವಿಯ ಕಲ್ಲಿನ ವೀರನನ್ನು ತೋರಿಸಿ ಕೇಳಿದ. ರಾಜನಲ್ಲ ಮಗು, ಎಂದೆವು. ವೀರಗಲ್ಲು ನಿಲ್ಲಿಸಿದ್ದು ಬಹುಮಟ್ಟಿಗೆ ಊರಿನವರಿಗೆ. ಹಸುಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತರೆ ತುರುಗೊಳ್, ಹೆಂಗಸರ ಮಾನ ಕಾಯುತ್ತ ಸತ್ತರೆ ಪೆಣ್ಬುಯ್ಯಲ್, ಊರನ್ನು ಕಾಯುತ್ತ ಸತ್ತರೆ ಊರಳಿವು, ಹೀಗೆ ಶಾಸನಗಳಲ್ಲಿ ಒಂದೊಂದು ಸಾವಿಗೂ ಒಂದೊಂದು ಹೆಸರುಂಟು. ಆಟದಲ್ಲಿ ಇಂಥವನು ಸತ್ತರೆ ಲೆಕ್ಕದಲ್ಲಿ ಒಂದು ಅಂಕಿ ಕಡಮೆಯಾಗುತ್ತದೆ, ಅಷ್ಟೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಲ್ಲಿನಲ್ಲಿ ಕಂಡದ್ದಾಯಿತು, ಲೋಹದಲ್ಲಿ ಕಾಣಬೇಡವೆ? ಮುಂದಿನ ರಜೆಯ ದಿನ ಬಸ್ಸು ಹಿಡಿದು ಅಫ್ಜಲ್‌ಗಂಜಿನಲ್ಲಿ ಇಳಿದು, ಮೂಸಿ ನದಿಯ ನಯಾಪುಲ್ ದಾಟಿ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದೆವು. 1951ರಲ್ಲಿ ನೆಹರೂ ಅವರು ತೆರೆದ ಈ ಸಂಗ್ರಹವನ್ನು 1968ರಲ್ಲಿ ಈಗಿನ ಕಟ್ಟಡಕ್ಕೆ ತಂದರು. ಹೈದರಾಬಾದಿಗೆ ಬಂದ ನೆಂಟರನ್ನೆಲ್ಲ ಅಲ್ಲಿಯ ಗಡಿಯಾರದ ಮುಂದೆ ನಿಲ್ಲಿಸಿ ಗಂಟೆ ಹೊಡೆಯುವುದನ್ನು ತೋರಿಸಿ ಕರೆತರುವವರು ನಾವು. ಆಯುಧಗಳ ಕೋಣೆಯಲ್ಲಿ ಎಂದೂ ಕಾಲು ನಿಲ್ಲಿಸಿದವರಲ್ಲ. ಈ ಸಲ ಅಲ್ಲೇ ಅರ್ಧ ದಿನ ಕಳೆಯಿತು. (ಹೋಗುವವರು ಶುಕ್ರವಾರ ಬಿಟ್ಟು ಹೋಗಿ, ಅಂದು ಬಾಗಿಲು ಹಾಕಿರುತ್ತದೆ.)

ಹುಡುಗನಿಗೆ ಮೊದಲು ಅಚ್ಚರಿ ತಂದದ್ದು ತಲವಾರಿನ ಹಿಡಿ. ಎಷ್ಟು ಚಿಕ್ಕದು! ನಾಲ್ಕು ಬೆರಳು ಬಿಗಿಯಾಗಿ ಕೂರುವಷ್ಟೇ ಜಾಗ, ತುದಿಯಲ್ಲಿ ಅಂಗೈಯನ್ನು ತಡೆಯುವ ದುಂಡನೆಯ ಬಿಲ್ಲೆ. ಕೈ ಜಾರದಂತೆ ಅಲಗು ಕೈಯ ಭಾಗವೇ ಆಗಿಬಿಡುವಂತೆ ಮಾಡಿದ ಉಪಾಯ ಅದು. ಆಟಗಳಲ್ಲಿ ಇದೇ ತಲವಾರಿಗೆ ಯೂರೋಪಿನ ಉದ್ದನೆಯ ಹಿಡಿಯನ್ನು ಜೋಡಿಸಿಬಿಡುತ್ತಾರೆ.

ಎರಡನೆಯದು ಕಠಾರಿ. 2001ರ ಕಂತಿನ 'ಡಯಾಬ್ಲೊ' ಆಟದಲ್ಲಿ ಕಟಾರ್ ಎಂಬುದನ್ನು ಬೆಕ್ಕಿನ ಪಂಜದ ಜಾತಿಗೆ ಸೇರಿಸಿದ್ದಾರೆ. ನಿಜವಾದ ಕಠಾರಿಗೆ ಪಕ್ಕದಲ್ಲಿ ಎರಡು ಸರಳು, ನಡುವೆ ಅಡ್ಡಪಟ್ಟಿ. ಮುಷ್ಟಿ ಕಟ್ಟಿ ಹಿಡಿದರೆ ಅಲಗು ಗುದ್ದಿನ ನೇರಕ್ಕೇ ಮುಂದೆ ಚಾಚಿರುತ್ತದೆ. ಅದು ಪರಚುವ ಆಯುಧವಲ್ಲ, ತಿವಿಯುವ ಆಯುಧ. ವಿಜಯನಗರವನ್ನಾಳಿದ ಸಾಳುವರಿಗೆ 'ಕಠಾರಿ ಸಾಳುವ' ಎಂಬ ಬಿರುದೇ ಇತ್ತು. ಕಾವಲಿನವರು ಎರಡು ಸಲ ಬಂದು ನೋಡಿ ಹೋಗುವಷ್ಟು ಹೊತ್ತು ಹುಡುಗ ಗಾಜಿಗೆ ಮೂಗು ಒತ್ತಿ ನಿಂತಿದ್ದ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರೋಣ. ಮನೆಗೆ ಬಂದ ರಾತ್ರಿ ಮಗ ಆಟವನ್ನು ತೆರೆದು, "ಅಪ್ಪ, ದ್ರಾವಿಡರಿಗೆ 'ವೂಟ್ಸ್ ಸ್ಟೀಲ್' ಎಂಬ ವಿದ್ಯೆ ಇದೆ. ಅದನ್ನು ಪಡೆದರೆ ನಮ್ಮ ಕತ್ತಿಗೆ ಯಾವ ಕವಚವೂ ಲೆಕ್ಕಕ್ಕಿಲ್ಲ. ವೂಟ್ಸ್ ಎಂದರೇನು?" ಎಂದು ಕೇಳಿದ. ಈ ಸಲ ನಮಗೆ ಉತ್ತರ ಗೊತ್ತಿತ್ತು.

"ಅದು ನೀನು ದಿನಾ ಕೇಳುವ ಮಾತೇ ಕಣೋ. ಉಕ್ಕು."

1794ರಲ್ಲಿ ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಅವರಿಗೆ ಈ ಲೋಹದ ಮಾದರಿಯನ್ನು ಕಳುಹಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಬರೆದ ಪ್ರಬಂಧದಲ್ಲಿ ಅದರ ಹೆಸರು 'ವೂಟ್ಸ್' ಎಂದು ಅಚ್ಚಾಯಿತು. ನಮ್ಮ 'ಉಕ್ಕು' ಪರದೇಶದ ಕಿವಿಗೂ ಲೇಖನಿಗೂ ಸಿಕ್ಕಿ ಹೀಗಾಯಿತೆಂದು ವಿದ್ವಾಂಸರ ಮತ. ಕನ್ನಡದಲ್ಲೂ ತೆಲುಗಿನಲ್ಲೂ ಅದು ಉಕ್ಕೇ. ವಿದ್ಯುಚ್ಛಕ್ತಿಯ ಮಹಾವಿಜ್ಞಾನಿ ಮೈಕೇಲ್ ಫ್ಯಾರಡೆ ಕೂಡ ತರುಣನಾಗಿದ್ದಾಗ, 1819ರ ಸುಮಾರಿನಲ್ಲಿ, ಈ ಉಕ್ಕಿನ ಗುಟ್ಟನ್ನು ಬಿಡಿಸಲು ಹೆಣಗಿದ್ದುಂಟು.

ಅದನ್ನು ಮಾಡುತ್ತಿದ್ದ ಬಗೆ ಹೀಗೆ: ಕಬ್ಬಿಣದ ತುಂಡನ್ನು ಒಣಗಿದ ಕಡ್ಡಿಗಳ ಜೊತೆ ಮಣ್ಣಿನ ಮೂಸೆಯಲ್ಲಿ ಇಟ್ಟು, ಹಸಿರೆಲೆ ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ತಿದಿಯೊತ್ತಿ ಗಂಟೆಗಟ್ಟಲೆ ಕಾಯಿಸುವುದು. ಕಡ್ಡಿ ಎಲೆಗಳ ಇಂಗಾಲವನ್ನು ಕಬ್ಬಿಣ ಹೀರಿಕೊಂಡು, ಸುಮಾರು ನೂರಕ್ಕೆ ಒಂದೂವರೆ ಪಾಲು ಇಂಗಾಲವಿರುವ ಉಕ್ಕಿನ ಗಟ್ಟಿ ಮೂಸೆಯ ತಳದಲ್ಲಿ ಸಿಕ್ಕುತ್ತಿತ್ತು. ಅದರಿಂದ ಬಡಿದ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಮೂಡುತ್ತಿದ್ದುವು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕಡ್ಡಿ ಯಾವುದೆಂದಿರಿ? ತಂಗಡಿ ಗಿಡದ್ದು! ಇಲ್ಲಿಯ ಹೆಂಗಸರು ಬತುಕಮ್ಮನನ್ನು ಕಟ್ಟುವ, ತೆಲಂಗಾಣದ ರಾಜ್ಯಪುಷ್ಪವೆನಿಸಿದ ಹಳದಿ ತಂಗೇಡು ಅದೇ.

ಅಷ್ಟೇ ಅಲ್ಲ. ನಾವಿರುವ ಈ ನಾಡೇ ಉಕ್ಕಿಗೆ ಹೆಸರುವಾಸಿಯಾಗಿತ್ತು. ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿಯ ಕುಲುಮೆಗಳನ್ನು ಹೆನ್ರಿ ವಾಯ್ಸಿ ಎಂಬ ಭೂವಿಜ್ಞಾನಿ ನೋಡಿ ಬರೆದ ವರದಿ ಅವನು ಸತ್ತ ಮೇಲೆ 1832ರಲ್ಲಿ ಅಚ್ಚಾಯಿತು. ಪಾರಸಿ ದೇಶದ ವರ್ತಕರು ಅಲ್ಲಿಗೆ ಬಂದು ಉಕ್ಕನ್ನು ಕೊಂಡೊಯ್ಯುತ್ತಿದ್ದರು. ಲೋಕವೆಲ್ಲ 'ಡಮಾಸ್ಕಸ್ ಕತ್ತಿ' ಎಂದು ಕೊಂಡಾಡಿದ ಅಲಗುಗಳಲ್ಲಿ ಎಷ್ಟೋ ಇಂಥ ಹಳ್ಳಿಗಳ ಮೂಸೆಯಿಂದ ಹೊರಟವು.

ಸತ್ಯಕ್ಕೆ ಎರಡು ಮಾತು ಸೇರಿಸಬೇಕು. ಮೂಸೆಯ ಉಕ್ಕು ನಮ್ಮಲ್ಲಷ್ಟೇ ಅಲ್ಲ, ಸಿಂಹಳದಲ್ಲೂ ಮಧ್ಯ ಏಷ್ಯಾದ ಮೆರ್ವ್‌ನಲ್ಲೂ ತಯಾರಾಗುತ್ತಿತ್ತು. ಕವಚವನ್ನು ಬೆಣ್ಣೆಯಂತೆ ಕೊಯ್ಯುವ ಕತ್ತಿ ಎಲ್ಲಿಯೂ ಇರಲಿಲ್ಲ. ಉಕ್ಕಿನ ಹಿರಿಮೆ ಹರಿತ ಹೆಚ್ಚು ಕಾಲ ನಿಲ್ಲುವುದರಲ್ಲಿ. ನಮ್ಮದೆಂಬ ಮಾತ್ರಕ್ಕೆ ಉಬ್ಬಿಸಿದರೆ ಆ ಆಟದವರಿಗೂ ನಮಗೂ ಏನು ವ್ಯತ್ಯಾಸ?

ಆ ರಾತ್ರಿ ಹುಡುಗ ಕೇಳಿದ ಪ್ರಶ್ನೆಯನ್ನು ಮಾತ್ರ ಮರೆಯಲಾರೆವು. "ಹಾಗಾದರೆ ಈ ಆಟ ಆಡುವ ಅಮೆರಿಕಾದವರೂ ನಮ್ಮ ಮಾತನ್ನೇ ಆಡುತ್ತಾರಾ, ಅಪ್ಪ? ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು, ಅಲ್ಲವೆ?" ಕನ್ನಡದಿಂದ ಏನು ಪ್ರಯೋಜನವೆಂದು ಕೇಳುತ್ತಿದ್ದವನಿಗೆ ನಾವು ವರ್ಷಗಟ್ಟಲೆ ಹೇಳಿದ ಬುದ್ಧಿಮಾತು ಮಾಡದ ಕೆಲಸವನ್ನು ಎರಡಕ್ಷರದ ಒಂದು ಪದ ಮಾಡಿತು.

ಆಟಗಳನ್ನು ಹಳಿಯುವ ಮುನ್ನ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ನಾಟಕದ ಕಂಪನಿಗಳಿಂದ ಹಿಡಿದು ಸಿನಿಮಾದವರೆಗೆ, ಗೋಡೆಯ ಕ್ಯಾಲೆಂಡರಿನವರೆಗೆ, ಪುರಾಣದ ಅರ್ಜುನನಿಗೂ ಹೊಯ್ಸಳ ಸಳನಿಗೂ ಅದೇ ಬಾಗಿದ ತಲವಾರು ಕೊಟ್ಟವರು ನಾವೇ. ಮನಸ್ಸಿದ್ದರೆ ಸರಿಯಾಗಿ ತೋರಿಸಬಹುದೆಂಬುದಕ್ಕೂ ನಿದರ್ಶನವುಂಟು: 2018ರಲ್ಲಿ ಚೆಕ್ ದೇಶದವರು ತಮ್ಮದೇ ಬೊಹೀಮಿಯಾ ಸೀಮೆಯ 1403ನೆಯ ಇಸವಿಯ ಕಥೆಯನ್ನು 'ಕಿಂಗ್‌ಡಮ್ ಕಮ್' ಎಂಬ ಆಟವಾಗಿಸಿ, ಕತ್ತಿ, ಕವಚ, ಕೋಟೆಗಳನ್ನು ಇತಿಹಾಸಕ್ಕೆ ಹತ್ತಿರವಾಗಿ ತೋರಿಸಿ ಲೋಕದ ಮೆಚ್ಚುಗೆ ಪಡೆದರು. ಚಿಕ್ಕ ದೇಶ, ಚಿಕ್ಕ ಭಾಷೆ. ತಮ್ಮ ಊರಿನ ಕಥೆಯನ್ನು ತಾವೇ ಹೇಳಿಕೊಂಡರು. ನಾಳೆ ನಮ್ಮ ಹುಡುಗರಲ್ಲೊಬ್ಬ ಬಳ್ಳಿಗಾವಿಯ ಕಲ್ಲಿನಿಂದ ಒಂದು ಆಟ ಕಟ್ಟಬಾರದೆಂದೇನು?

ರಾಜ್ಯೋತ್ಸವದ ನಾಟಕಕ್ಕೆ ಹುಡುಗ ಆರು ಕತ್ತಿ ಮಾಡಿದ್ದಾನೆ. ನೇರ, ಅಗಲ, ಗಿಡ್ಡ. ಚಿಕ್ಕವರ ಕೈಗೆ ಹಿಡಿಯಾಗುವಂತೆ ಹಗುರ. "ಕತ್ತಿ ಇಷ್ಟು ಚಿಕ್ಕದೇ?" ಎಂದು ಒಬ್ಬರು ಕೊಂಕು ನುಡಿದದ್ದಕ್ಕೆ ಅವನು ಫೋನಿನಲ್ಲಿದ್ದ ವೀರಗಲ್ಲಿನ ಚಿತ್ರವನ್ನೇ ಮುಂದೆ ಹಿಡಿದ. ಒಂದೊಂದು ಅಲಗಿನ ಮೇಲೂ ಬುಡದ ಹತ್ತಿರ ಸೊಟ್ಟ ಅಕ್ಷರದಲ್ಲಿ 'ಉಕ್ಕು' ಎಂದು ಬರೆದಿದ್ದಾನೆ. ಒಂದರಲ್ಲಿ ಒತ್ತಕ್ಷರ ತಪ್ಪಿದೆ. ನಾವು ತಿದ್ದಲಿಲ್ಲ. ಅವನೇ ಕಂಡುಕೊಳ್ಳಲಿ ಎಂದು ಬಿಟ್ಟಿದ್ದೇವೆ.

ಕೊನೆಗೆ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಕ್ಕಳೂ ಇಂಥ ಆಟ ಆಡುತ್ತಿರಬಹುದು. ಬೈದು ಕಂಪ್ಯೂಟರು ಮುಚ್ಚಿಸುವ ಮೊದಲು ಒಂದು ಸಲ ಪಕ್ಕದಲ್ಲಿ ಕುಳಿತು ನೋಡಿ. ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಕೈಹಿಡಿದು ಸಾಲಾರ್‌ಜಂಗಿಗೆ ಕರೆದೊಯ್ಯಿರಿ. ಊರಿನ ಅಟ್ಟದ ಮೇಲೆ ಹಳೆಯ ಸುರಗಿಯೋ, ಕಠಾರಿಯೋ, ಈಟಿಯ ಮೊನೆಯೋ ಇದ್ದರೆ ಅದನ್ನು ಏನೆಂದು ಕರೆಯುತ್ತಿದ್ದರು, ಹೇಗೆ ಕಟ್ಟುತ್ತಿದ್ದರು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದು ಈ ಪತ್ರಿಕೆಗೆ ಕಳುಹಿಸಿ. ಕಬ್ಬಿಣ ತುಕ್ಕು ಹಿಡಿದರೂ ನೂರಾರು ವರ್ಷ ಇರುತ್ತದೆ. ಅದರ ಹೆಸರು ಬಲ್ಲವರು ಅಷ್ಟು ಕಾಲ ಇರುವುದಿಲ್ಲ.